ಸೋಮಾರಿತನ ಅಲ್ಲ, 8.6

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ. ಸಣ್ಣ ಅಡಿಕೆ ತೋಟ, ಎರಡು ದನ. ಮನೆಯಲ್ಲಿ ಗಂಡ, ಅತ್ತೆ, ಹತ್ತನೇ ಕ್ಲಾಸಿನ ಮಗಳು. ಒಂದು ವರ್ಷದಿಂದ ಬೆಳಗ್ಗೆ ಏಳುವಾಗಲೇ ಸುಸ್ತು. ಕೊಟ್ಟಿಗೆಯಿಂದ ಮನೆಗೆ ಏಳು ಮೆಟ್ಟಿಲು, ಹತ್ತಿದರೆ ಎದೆ ಡಬಡಬ. ಸುಮ್ಮಸುಮ್ಮನೆ ಅಳು ಬರುತ್ತದೆ. ಮಗಳ ಮೇಲೆ ರೇಗುತ್ತೇನೆ, ಆಮೇಲೆ ನನಗೇ ಬೇಸರ. ಕೂದಲು ಉದುರುತ್ತಿದೆ. ನಾದಿನಿ "ಪಾಸಿಟಿವ್ ಆಗಿ ಯೋಚಿಸಿ ಅತ್ತಿಗೆ" ಅಂತ ಒಂದು ನೋಟ್‌ಬುಕ್ ಕೊಟ್ಟಳು. ದಿನಾ ರಾತ್ರಿ ಐದು ಒಳ್ಳೆಯ ವಿಷಯ ಬರೆಯಬೇಕಂತೆ. ಎರಡು ಬರೆಯುವಷ್ಟರಲ್ಲಿ ಪೆನ್ನು ಹಿಡಿದೇ ನಿದ್ದೆ ಹೋಗುತ್ತೇನೆ. ಮೂರು ತಿಂಗಳಿಂದ ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದೇನೆ. ಆದರೂ ಮೊನ್ನೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂತು. ಕಬ್ಬಿಣದ ಮಾತ್ರೆ ಕೊಟ್ಟರು. ಹೊಟ್ಟೆ ಕಟ್ಟಿತು, ಮಲ ಕಪ್ಪಾಯಿತು, ಹೆದರಿ ಹತ್ತೇ ದಿನಕ್ಕೆ ಬಿಟ್ಟೆ. ಜೊತೆಗೆ ಕೊಟ್ಟ ಕಾಗದ ಮಲಯಾಳದಲ್ಲಿತ್ತು, ನನಗೆ ಓದಲು ಬರುವುದಿಲ್ಲ. ನಾವು ಸಸ್ಯಾಹಾರಿಗಳು. ಇದು ಎಂಡೋಸಲ್ಫಾನ್ ಕೀಟನಾಶಕದಿಂದ ಇರಬಹುದು ಅಂತ ನೆರೆಮನೆಯವರು. ಸೋಮಾರಿತನ ಅಂತ ಅತ್ತೆ. ನನ್ನ ಮನಸ್ಸೇ ಸರಿ ಇಲ್ವಾ? ಏನು ತಿಂದರೆ ಸರಿಯಾಗುತ್ತದೆ? ಮುಟ್ಟು ಏಳೆಂಟು ದಿನ ಇರುತ್ತದೆ, ಅದು ಮೊದಲಿಂದಲೂ ಹಾಗೇ, ಅದರಲ್ಲಿ ಹೊಸತೇನಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನಗೆ ಬೇಕಾದ ಮಾತು ಸಿಕ್ಕಿದ್ದು ಕೊನೆಯ ಸಾಲಿನಲ್ಲಿ. ನನ್ನ ಕ್ಲಿನಿಕ್ಕಿನಲ್ಲೂ ಹೀಗೇ ಆಗುತ್ತದೆ. ಹೆಂಗಸರು ತಲೆನೋವು, ಕೂದಲು, ನಿದ್ದೆ ಎಲ್ಲ ಹೇಳಿ ಮುಗಿಸಿ, ಎದ್ದು ಬಾಗಿಲ ತನಕ ಹೋಗಿ, ಚಪ್ಪಲಿ ಹುಡುಕುತ್ತಾ "ಮತ್ತೆ, ಅದೂ ಸ್ವಲ್ಪ ಜಾಸ್ತಿಯೇ ಹೋಗ್ತದೆ ಡಾಕ್ಟ್ರೇ" ಅನ್ನುತ್ತಾರೆ. ಆ ಮಾತು ಬಂದಾಗ ನಾನು ಅವರನ್ನು ವಾಪಸ್ ಕರೆದು ಕೂರಿಸುತ್ತೇನೆ. ನಿಮ್ಮನ್ನೂ ಈಗ ಹಾಗೇ ಕೂರಿಸುತ್ತಿದ್ದೇನೆ ಅಂದುಕೊಳ್ಳಿ.

ನೀವು ಕೇಳಿದ್ದು ಎರಡು. ಮನಸ್ಸು ಸರಿ ಇಲ್ವಾ ಅಂತ ಒಂದು, ಏನು ತಿನ್ನಬೇಕು ಅಂತ ಇನ್ನೊಂದು. ಮೊದಲು ಆ 8.6 ನೋಡೋಣ. ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 8ಕ್ಕಿಂತ ಕೆಳಗೆ ಹೋದರೆ ತೀವ್ರ. ನೀವು ಆ ಗೆರೆಯಿಂದ ಸ್ವಲ್ಪವೇ ಮೇಲಿದ್ದೀರಿ. ಮೈಯ ಮೂಲೆಮೂಲೆಗೂ ಆಮ್ಲಜನಕ ಹೊರುವುದು ಈ ಹಿಮೋಗ್ಲೋಬಿನ್. ಹೊರುವವರು ಕಡಿಮೆಯಾದರೆ ಇದ್ದವರೇ ಹೆಚ್ಚು ಸಲ ಓಡಬೇಕು. ಏಳು ಮೆಟ್ಟಿಲಿಗೆ ಎದೆ ಡಬಡಬ ಅನ್ನುವುದು ಅದಕ್ಕೇ. ಈ ಸ್ಥಿತಿಯಲ್ಲಿ ಎರಡು ದನ, ಒಂದು ತೋಟ, ಒಂದು ಅಡುಗೆಮನೆ ನಡೆಸಿಕೊಂಡು ಹೋಗುತ್ತಿದ್ದೀರಿ. ಸೋಮಾರಿತನ ಅಂದವರ ಎದುರು ಆ ರಕ್ತ ಪರೀಕ್ಷೆಯ ಚೀಟಿ ಇಡಿ. ಅತ್ತೆಯವರ ಮೇಲೆ ಸಿಟ್ಟು ಬೇಡ. ಅವರ ಕಾಲದಲ್ಲಿ ಯಾರೂ ರಕ್ತ ನೋಡಲಿಲ್ಲ. ಅವರಿಗೂ ಹೀಗೇ ಆಗಿದ್ದಿರಬಹುದು, ಅವರನ್ನೂ ಯಾರೋ ಸೋಮಾರಿ ಅಂದಿರಬಹುದು.

ಅಳು, ಸಿಡುಕು? ಅದಕ್ಕೂ ಇದಕ್ಕೂ ನಂಟಿದೆ. ಮಿದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ತಯಾರಾಗಲು ಬೇಕಾದ ಕಿಣ್ವಗಳು ಕಬ್ಬಿಣ ಇಲ್ಲದೆ ಕೆಲಸ ಮಾಡುವುದಿಲ್ಲ. ಉತ್ಸಾಹ, ಗಮನ, ಸಮಾಧಾನ ಎಲ್ಲವೂ ಇವುಗಳ ಮೇಲೆ ನಿಂತಿವೆ. ಹಾಗಾಗಿ ಕಬ್ಬಿಣ ಕಡಿಮೆಯಾದ ಹೆಂಗಸು ಸಣ್ಣದಕ್ಕೆಲ್ಲ ರೇಗುವುದು, ಓದಿದ್ದು ತಲೆಗೆ ಹತ್ತದಿರುವುದು, ರಾತ್ರಿ ಕಾಲು ಚುಳುಚುಳು ಅಂತ ನಿದ್ದೆ ಕೆಡುವುದು ಸಾಮಾನ್ಯ. ಇನ್ನೂ ಒಂದು ಕೇಳುತ್ತೇನೆ, ನಾಚಿಕೊಳ್ಳಬೇಡಿ. ಅಕ್ಕಿ ತೊಳೆಯುವಾಗ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತೀರಾ? ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಸೆರಗಿನ ತುದಿಯಲ್ಲಿ ಬೆಳ್ತಿಗೆ ಅಕ್ಕಿ ಕಟ್ಟಿಕೊಂಡೇ ಓಡಾಡುತ್ತಿದ್ದರು. ಪರೀಕ್ಷೆ ಮಾಡುವಾಗ ಗಂಟು ಬಿಚ್ಚಿ ಅಕ್ಕಿ ನೆಲಕ್ಕೆ ಚೆಲ್ಲಿತು. ಅವರಿಗೆ ಅಳುವೇ ಬಂತು, ಯಾರಿಗೂ ಹೇಳಿರಲಿಲ್ಲವಂತೆ. ಹಸಿ ಅಕ್ಕಿ, ಸುಣ್ಣ, ಮಣ್ಣು, ಐಸು ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆಯ ಗುರುತು. ಕೊರತೆ ತುಂಬಿದ ಮೇಲೆ ಆ ಆಸೆ ತಾನಾಗಿ ಹೋಗುತ್ತದೆ. ಅವರದ್ದೂ ಹೋಯಿತು.

ಈಗ ಕಬ್ಬಿಣ ಎಲ್ಲಿ ಹೋಯಿತು ಅನ್ನುವ ಲೆಕ್ಕ. ಸಾಧಾರಣ ಮುಟ್ಟಿನಲ್ಲಿ ಒಂದು ತಿಂಗಳಿಗೆ 30ರಿಂದ 40 ಮಿಲಿ ರಕ್ತ ಹೋಗುತ್ತದೆ. 80 ಮಿಲಿ ದಾಟಿದರೆ ಅದು ಜಾಸ್ತಿಯೇ. ಯಾರೂ ಅಳತೆ ಲೋಟ ಹಿಡಿದು ಕೂರುವುದಿಲ್ಲ, ಅದಕ್ಕೆ ಬೇರೆ ಗುರುತುಗಳಿವೆ. ಗಂಟೆಗೆ, ಎರಡು ಗಂಟೆಗೆ ಪ್ಯಾಡ್ ಬದಲಿಸಬೇಕಾಗುವುದು. ರಾತ್ರಿ ಅದಕ್ಕೆಂದೇ ಏಳುವುದು. ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುವುದು. ಏಳು ದಿನಕ್ಕಿಂತ ಹೆಚ್ಚು ಇರುವುದು. ಇದರಲ್ಲಿ ಒಂದಿದ್ದರೂ ಡಾಕ್ಟರಿಗೆ ಹೇಳಬೇಕಾದ ವಿಷಯ. "ಮೊದಲಿಂದಲೂ ಹಾಗೇ" ಅಂದರೆ ಮೊದಲಿಂದಲೂ ಜಾಸ್ತಿ ಹೋಗುತ್ತಿತ್ತು ಅಂತಲೂ ಆಗಬಹುದು. ಇಪ್ಪತ್ತರಲ್ಲಿ ದೇಹ ತಡೆದುಕೊಂಡಿತು. ಹೆರಿಗೆ ಆಯಿತು, ಹಾಲುಣಿಸಿದಿರಿ. ನಲವತ್ತರ ನಂತರ ಹಾರ್ಮೋನು ಏರುಪೇರಾಗಿ ಸ್ರಾವ ಇನ್ನೂ ಹೆಚ್ಚುವುದುಂಟು, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಬೆಳೆಯುವುದೂ ಉಂಟು. ಈಗ ಅಂಗಡಿಯವನು ಸಾಲದ ಪಟ್ಟಿ ತೆಗೆದು ಮುಂದಿಟ್ಟಿದ್ದಾನೆ, ಅಷ್ಟೇ.

ಬೀಟ್‌ರೂಟಿನ ವಿಷಯಕ್ಕೆ ಬರೋಣ. ಇದನ್ನು ಹೇಳಿದಾಗೆಲ್ಲ ಎದುರು ಕೂತವರ ಮುಖ ಸಣ್ಣದಾಗುತ್ತದೆ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆಯಲ್ಲಿ, ಸೇಬಿನಲ್ಲಿ ಅದಕ್ಕಿಂತಲೂ ಕಡಿಮೆ. ಕೆಂಪಗಿದ್ದದ್ದು ತಿಂದರೆ ರಕ್ತ ಅನ್ನುವುದು ಬಣ್ಣದ ಮೇಲಿನ ನಂಬಿಕೆ. ಬೆಲ್ಲದಲ್ಲಿ ಕಬ್ಬಿಣ ಇದೆ, ಆದರೆ ಒಂದು ಸಣ್ಣ ತುಂಡಿನಲ್ಲಿ ಅರ್ಧ ಮಿಲಿಗ್ರಾಂ ಸಿಕ್ಕಿದರೆ ಜಾಸ್ತಿ. ಬೀಟ್‌ರೂಟಿನಿಂದ ಕೆಡುಕಿಲ್ಲ, ಪಲ್ಯ ಮಾಡಿ ತಿನ್ನಿ. ಔಷಧಿ ಅಂತ ಮಾತ್ರ ನಂಬಬೇಡಿ. ಕಬ್ಬಿಣ ಇರುವುದು ನೀವು ಔಷಧಿ ಅಂತ ಎಣಿಸದೆ ಇರುವ ವಸ್ತುಗಳಲ್ಲಿ. ಹುರುಳಿಯಲ್ಲಿ 100 ಗ್ರಾಮಿಗೆ 8 ಮಿಲಿಗ್ರಾಮಿಗಿಂತ ಹೆಚ್ಚು. ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ರಾಗಿ, ಮೂರರಲ್ಲೂ ನಾಲ್ಕೂವರೆಯ ಆಸುಪಾಸು. ನುಗ್ಗೆ ಮರ ನಿಮ್ಮ ಹಿತ್ತಿಲಲ್ಲೇ ಇರಬೇಕು, ಅಲ್ವಾ? ದನಕ್ಕೆ ಹುರುಳಿ ಬೇಯಿಸಿ ಹಾಕುವ ಮನೆಯಲ್ಲಿ ಹೆಂಗಸು ಬೀಟ್‌ರೂಟಿಗೆ ದುಡ್ಡು ಕೊಡುವುದನ್ನು ನೋಡಿದರೆ ನನಗೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ.

ಆದರೆ ಒಂದು ಮಾತು ಮುಚ್ಚಿಡದೆ ಹೇಳಬೇಕು. 8.6ರಿಂದ ಮೇಲೆ ಬರಲು ಊಟ ಒಂದೇ ಸಾಲದು. ಲೆಕ್ಕ ನೋಡಿ. ಸುಮಾರು 50 ಕಿಲೋ ತೂಕದವರಾದರೆ ರಕ್ತವನ್ನು ಸರಿ ಮಾಡಿ, ಖಾಲಿಯಾದ ದಾಸ್ತಾನನ್ನೂ ತುಂಬಲು ಹತ್ತಿರ ಹತ್ತಿರ 1000 ಮಿಲಿಗ್ರಾಂ ಕಬ್ಬಿಣ ಬೇಕು. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಆಹಾರದಲ್ಲಿರಬೇಕು ಅಂತ ನಮ್ಮ ದೇಶದ ಪೌಷ್ಟಿಕತೆಯ ಲೆಕ್ಕ ಹೇಳುತ್ತದೆ. ಯಾಕೆ ಅಷ್ಟು ಅಂದರೆ, ಸೊಪ್ಪು ಕಾಳುಗಳ ಕಬ್ಬಿಣದಲ್ಲಿ ರಕ್ತ ಸೇರುವುದು ನೂರರಲ್ಲಿ ಏಳೆಂಟು ಪಾಲು ಮಾತ್ರ. ಅಂದರೆ ದಿನಕ್ಕೆ 2 ಮಿಲಿಗ್ರಾಂ. ಅದು ದಿನದ ಖರ್ಚಿಗೇ ಸರಿ. ಊಟ ಚೆನ್ನಾಗಿ ಮಾಡಿ ಇನ್ನೊಂದು ಮಿಲಿಗ್ರಾಂ ಉಳಿಸಿದಿರಿ ಅಂದುಕೊಂಡರೂ ಸಾಲ ತೀರಲು ಮೂರು ವರ್ಷದ ಹತ್ತಿರ ಬೇಕು. ಅದೂ ಮುಟ್ಟಿನಲ್ಲಿ ಜಾಸ್ತಿ ಹೋಗುವುದು ನಿಂತರೆ. ಹಾಗಾಗಿ ಮಾತ್ರೆ ಬೇಕೇ ಬೇಕು. ಆಮೇಲೆ ಮತ್ತೆ ಇಳಿಯದಂತೆ ಕಾಯುವುದು ಊಟದ ಕೆಲಸ.

ನೀವು ಬಿಟ್ಟ ಮಾತ್ರೆಯ ಬಗ್ಗೆ. ಮಲ ಕಪ್ಪಾದರೆ ಹೆದರುವಂಥದ್ದಿಲ್ಲ, ಒಳಗೆ ಸೇರದ ಕಬ್ಬಿಣ ಹೊರಗೆ ಹೋಗುವಾಗ ಹಾಗಾಗುತ್ತದೆ. ಆ ಮಲಯಾಳದ ಕಾಗದದಲ್ಲಿ ಬಹುಶಃ ಇದೇ ಬರೆದಿತ್ತು. ಒಂದು ಮಾತು ಕನ್ನಡದಲ್ಲಿ ಹೇಳಿದ್ದರೆ ನಿಮ್ಮ ಚಿಕಿತ್ಸೆ ಹತ್ತು ದಿನಕ್ಕೆ ನಿಲ್ಲುತ್ತಿರಲಿಲ್ಲ. ಗಡಿನಾಡಿನಲ್ಲಿ ಕೂತ ನಮಗೆ ಇದು ದಿನಾ ಕಾಣುವ ತೊಂದರೆ. ಮುಂದಿನ ಸಲ "ಇದನ್ನು ಕನ್ನಡದಲ್ಲಿ ಹೇಳಿ, ಅಥವಾ ನಿಧಾನ ಹೇಳಿ ನಾನು ಬರ್ಕೊಳ್ತೇನೆ" ಅಂತ ಧೈರ್ಯವಾಗಿ ಕೇಳಿ. ಕಪ್ಪಗೆ ಅಂಟಂಟಾಗಿ ಡಾಂಬರಿನ ಹಾಗೆ, ಕೆಟ್ಟ ವಾಸನೆಯ ಮಲ ಬಂದರೆ ಮಾತ್ರ ಅದು ಬೇರೆ, ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು, ಕೂಡಲೇ ತೋರಿಸಬೇಕು.

ಮಲಬದ್ಧತೆಗೆ ದಾರಿ ಇದೆ. ಒಂದು ಮಾತ್ರೆ ನುಂಗಿದ ಮೇಲೆ ದೇಹದಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನು ಏರುತ್ತದೆ. ಅದು ಸುಮಾರು ಒಂದು ದಿನ ಕಬ್ಬಿಣದ ಬಾಗಿಲು ಅರ್ಧ ಮುಚ್ಚುತ್ತದೆ. ಮರುದಿನದ ಮಾತ್ರೆಯಲ್ಲಿ ಒಳಗೆ ಹೋಗುವುದು ಕಡಿಮೆ, ಕರುಳಿನಲ್ಲಿ ಉಳಿದು ತೊಂದರೆ ಕೊಡುವುದು ಜಾಸ್ತಿ. ಅದಕ್ಕೇ ಹೊಟ್ಟೆಗೆ ಆಗದವರಿಗೆ ನಾನು ದಿನ ಬಿಟ್ಟು ದಿನ ಒಂದು ಮಾತ್ರೆ ಕೊಡುತ್ತೇನೆ. ನಿಮ್ಮ ಡಾಕ್ಟರಲ್ಲಿ ಹಾಗೆ ಮಾಡಬಹುದಾ ಅಂತ ಕೇಳಿ, ಕಬ್ಬಿಣದ ಬೇರೆ ಬಗೆಯ ಮಾತ್ರೆಗಳೂ ಇವೆ. ಖಾಲಿ ಹೊಟ್ಟೆಗೆ ಒಳ್ಳೆಯದು. ಹೊಟ್ಟೆ ತೊಳೆಸಿದರೆ ಊಟವಾಗಿ ಎರಡು ಗಂಟೆ ಬಿಟ್ಟು ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಸರಿಯಾಗಿ ತೆಗೆದುಕೊಂಡರೆ ಹಿಮೋಗ್ಲೋಬಿನ್ ತಿಂಗಳಿಗೆ 1ರಿಂದ 2 ಅಂಕ ಏರುತ್ತದೆ. ಏರಿ 12 ಆದ ಕೂಡಲೇ ನಿಲ್ಲಿಸಬೇಡಿ, ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮಾತ್ರೆ ಉಷ್ಣ, ದಪ್ಪ ಮಾಡುತ್ತದೆ ಅನ್ನುವುದೆಲ್ಲ ಸುಳ್ಳು. ಮನೆಯಲ್ಲಿ ಸಣ್ಣ ಮಕ್ಕಳು ಬಂದುಹೋಗುವುದಿದ್ದರೆ ಮಾತ್ರೆ ಎತ್ತರದಲ್ಲಿಡಿ. ಮಕ್ಕಳು ಐದಾರು ನುಂಗಿದರೂ ಅದು ವಿಷ.

ಚಾ ಬಗ್ಗೆ ಬೇರೆಯೇ ಹೇಳಬೇಕು. ಊಟದ ಜೊತೆ ಚಾ ಕುಡಿದರೆ ಆ ಊಟದ ಕಬ್ಬಿಣದಲ್ಲಿ ಸಿಗಬೇಕಾದ್ದರ ಅರ್ಧಕ್ಕಿಂತ ಜಾಸ್ತಿ ಹೋಯಿತು ಅಂತಲೇ ಲೆಕ್ಕ. ಹಾಲು ಹಾಕದ ಕಣ್ಣ ಚಾ ಆದರೂ ಅಷ್ಟೇ. ಕಾಫಿ ಸ್ವಲ್ಪ ಕಡಿಮೆ ಪಾಪಿ. ನನ್ನದೇ ಕಥೆ ಹೇಳುತ್ತೇನೆ. ನಾನು ಗರ್ಭಿಣಿಯಾಗಿದ್ದಾಗ ಎರಡು ತಿಂಗಳು ಕಬ್ಬಿಣದ ಮಾತ್ರೆಯನ್ನು ಬೆಳಗಿನ ಚಾದಲ್ಲೇ ನುಂಗಿದೆ. ನೀರು ತರಲು ಉದಾಸೀನ, ಲೋಟ ಕೈಯಲ್ಲೇ ಇತ್ತು. ಹಿಮೋಗ್ಲೋಬಿನ್ ಒಂದಿಷ್ಟೂ ಅಲ್ಲಾಡಲಿಲ್ಲ. ಬೇರೆಯವರಿಗೆ ದಿನಾ ಹೇಳುವ ಮಾತು ನನಗೇ ನೆನಪಿರಲಿಲ್ಲ. ಚಾ ಬಿಡಿ ಅಂತ ಹೇಳುವುದಿಲ್ಲ, ನಮ್ಮ ಕಡೆ ಅದು ಆಗುವ ಮಾತಲ್ಲ. ಊಟ ತಿಂಡಿಗೂ ಚಾಕ್ಕೂ ಒಂದು ಗಂಟೆ ಅಂತರ ಇಡಿ, ಸಾಕು. ಊಟವಾದ ಮೇಲೆ ಎಲೆ ಅಡಿಕೆ ಹಾಕುವ ಅಭ್ಯಾಸ ಇದ್ದರೆ ಅದರಲ್ಲೂ ಕಬ್ಬಿಣವನ್ನು ತಡೆಯುವ ಚಾದಂಥದ್ದೇ ಒಗರು, ಇದೇ ತೊಂದರೆ. ಅಡಿಕೆ ಕ್ಯಾನ್ಸರಿಗೆ ಕಾರಣ ಅಂತಲೂ ಗೊತ್ತಾಗಿದೆ. ಅಡಿಕೆಯೇ ಹೊಟ್ಟೆಪಾಡಾದ ಊರಿನವರಿಗೆ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಡಾಕ್ಟರಾಗಿ ಬರೆಯದೆ ಇರುವಂತಿಲ್ಲ.

ತಿನ್ನುವುದು ಹೇಗೆ ಅಂತ ನಿಮ್ಮ ಅಡುಗೆಮನೆಯ ಒಳಗಿಂದಲೇ ಹೇಳುತ್ತೇನೆ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಮಾತ್ರ ಹಚ್ಚಿಕೊಂಡು ಮುಗಿಸಬೇಡಿ, ಹೆಸರುಕಾಳಿನ ಪಲ್ಯವೋ ಹುರುಳಿ ಸಾರೋ ಜೊತೆಗಿರಲಿ. ನುಗ್ಗೆ ಸೊಪ್ಪಿನ ಪಲ್ಯ ಇಳಿಸಿದ ಮೇಲೆ ಲಿಂಬೆ ಹಿಂಡಿ. ಬೇಯಿಸುವಾಗ ಹಿಂಡಿದರೆ ವಿಟಮಿನ್ ಸಿ ಬೆಂಕಿಗೇ ಹೋಗುತ್ತದೆ. ಲಿಂಬೆಗಿಂತ ನೆಲ್ಲಿಕಾಯಿಯಲ್ಲಿ, ಪೇರಳೆಯಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು. ಊಟದ ಕೊನೆಗೆ ಅರ್ಧ ಪೇರಳೆ ತಿಂದರೆ ಅದೇ ತಟ್ಟೆಯ ಕಬ್ಬಿಣ ಇನ್ನಷ್ಟು ಒಳಗೆ ಸೇರುತ್ತದೆ. ಹೆಸರುಕಾಳನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ ಅಟ್ಟದಲ್ಲಿದ್ದರೆ ಇಳಿಸಿ. ಅದರಲ್ಲಿ ಹುಳಿ ಹಾಕಿದ ಅಡುಗೆ ಮಾಡಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುತ್ತದೆ, ಈ ಹಳೆಯ ಮಾತು ನಿಜವೇ. ಮೀನು ತಿನ್ನುವ ಮನೆಯ ಓದುಗರಿಗೆ ಒಂದು ಮಾತು: ಬೂತಾಯಿಯಲ್ಲಿ ಕಬ್ಬಿಣವೂ ಇದೆ, ವಿಟಮಿನ್ ಬಿ12 ಕೂಡ ಇದೆ, ದುಬಾರಿ ಮೀನಿನ ಹಿಂದೆ ಹೋಗಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ಮೀನಿಲ್ಲ. ಹಾಗಾಗಿ ಬಿ12 ನೋಡಿಸಲೇಬೇಕು. ಅದು ಸೊಪ್ಪು ತರಕಾರಿಯಲ್ಲಿ ಇಲ್ಲ. ಮನೆಯ ಹಾಲು, ಮಜ್ಜಿಗೆಯಲ್ಲಿ ಸ್ವಲ್ಪ ಸಿಗುತ್ತದೆ. ಆದರೆ ಹಾಲೆಲ್ಲ ಡೈರಿಗೆ ಹೋಗಿ ನಿಮಗೆ ಉಳಿಯುವುದು ಚಾಕ್ಕೆ ಹಾಕುವಷ್ಟೇ ಆದರೆ ಏನೂ ಸಿಗುವುದಿಲ್ಲ. ಕೈಕಾಲು ಜೋಮು, ನಾಲಿಗೆ ಉರಿ ಇದ್ದರೆ ಇನ್ನೂ ಅನುಮಾನ. ಇಲ್ಲಿ ಒಂದು ಮೋಸವೂ ಇದೆ. ಕಬ್ಬಿಣ ಕಡಿಮೆಯಾದರೆ ರಕ್ತಕಣ ಸಣ್ಣದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆ ಇದ್ದರೆ ಸರಾಸರಿ ಸರಿಯಾಗಿರುವ ಹಾಗೆ ಕಾಣಿಸುತ್ತದೆ. ಅದಕ್ಕೆ ರಿಪೋರ್ಟಿನ ಒಂದೇ ಅಂಕೆ ನೋಡಿ ತೀರ್ಮಾನ ಮಾಡಬಾರದು. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಹೊಟ್ಟೆಯ ಸ್ಕ್ಯಾನ್, ಇಷ್ಟು ಮಾಡಿಸಿ. ಕೂದಲು ಉದುರುವುದು, ಸುಸ್ತು, ಜಾಸ್ತಿ ಮುಟ್ಟು ಮೂರೂ ಥೈರಾಯ್ಡಿನಿಂದಲೂ ಬರಬಹುದು. ಬರಿಗಾಲಲ್ಲಿ ತೋಟಕ್ಕೆ ಇಳಿಯುವವರಾದರೆ ಕೊಕ್ಕೆಹುಳದ ಮಾತ್ರೆ ಬೇಕಾ ಅಂತಲೂ ಕೇಳಿ. ಆ ಹುಳ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಎರಡು ತಿಂಗಳು ಸರಿಯಾಗಿ ಮಾತ್ರೆ ತಿಂದರೂ ಏರದಿದ್ದರೆ ತಲಸ್ಸೇಮಿಯಾ ಅನ್ನುವ, ವಂಶದಿಂದ ಬರುವ ರಕ್ತದ ದೋಷದ ವಾಹಕರಾ ಅಂತ ನೋಡುವ ಪರೀಕ್ಷೆಯೂ ಬೇಕಾಗಬಹುದು.

ಎಂಡೋಸಲ್ಫಾನ್ ವಿಷಯ. ನಿಮ್ಮ ನೆರೆಯವರನ್ನು ನಾನು ತಳ್ಳಿಹಾಕುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದನ್ನು ಕಣ್ಣಾರೆ ಕಂಡ ಊರು ಅದು. 2000ದವರೆಗೂ ಸಿಂಪಡಿಸಿದರು, ದೇಶದಲ್ಲಿ ನಿಷೇಧವಾಗಲು 2011 ಬರಬೇಕಾಯಿತು. ಅಂಥ ಊರಿನಲ್ಲಿ ಯಾವ ಕಾಯಿಲೆಗೂ ಆ ಹೆಸರು ಬಾಯಿಗೆ ಬರುವುದು ಸಹಜ. ಆದರೆ ನಿಮ್ಮ 8.6ಕ್ಕೆ ಏಳೆಂಟು ದಿನದ ಸ್ರಾವ, ಊಟದ ಕ್ರಮ, ಇಷ್ಟು ಕಾರಣ ಕಣ್ಣೆದುರೇ ಇವೆ, ಇವಕ್ಕೆ ಮದ್ದೂ ಇದೆ. ಮೊದಲು ಅದನ್ನು ಹಿಡಿಯೋಣ.

ಮುಟ್ಟಿನ ಸ್ರಾವಕ್ಕೆ ಏನು ಮಾಡಬಹುದು? ಇದನ್ನು ಸರಿ ಮಾಡದೆ ಕಬ್ಬಿಣ ಮಾತ್ರ ತಿಂದರೆ ತೂತು ಕೊಡಪಾನಕ್ಕೆ ನೀರು ಹೊತ್ತ ಹಾಗೆ. ಆ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಸ್ರಾವವನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದ ಇತಿಹಾಸ ಇದ್ದವರಿಗೆ ಅದು ಬೇಡ. ಹಾರ್ಮೋನಿನ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ, ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡುವ ಹಾರ್ಮೋನ್ ಸಾಧನ ಇದೆ. ಮೊದಲ ಮೂರ್ನಾಲ್ಕು ತಿಂಗಳು ಚುಕ್ಕಿ ಚುಕ್ಕಿ ಸ್ರಾವ ಕಿರಿಕಿರಿ ಮಾಡುತ್ತದೆ, ಆಮೇಲೆ ಹೆಚ್ಚಿನವರಿಗೆ ತುಂಬಾ ಕಡಿಮೆಯಾಗುತ್ತದೆ. ಫೈಬ್ರಾಯ್ಡ್ ಇದ್ದರೆ ಅದರ ಗಾತ್ರ, ಜಾಗ ನೋಡಿ ಬೇರೆ ದಾರಿ. "ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡು, ರಗಳೆಯೇ ಇಲ್ಲ" ಅಂತ ಹೇಳುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಕೆಲವರಿಗೆ ಅದು ಬೇಕಾಗುತ್ತದೆ, ನಿಜ. ಆದರೆ ಅದು ಕೊನೆಯ ಬಾಗಿಲು. ಮೊದಲನೇ ಭೇಟಿಯಲ್ಲೇ ಯಾರಾದರೂ ಅದನ್ನು ಹೇಳಿದರೆ ಇನ್ನೊಬ್ಬರ ಹತ್ತಿರ ತೋರಿಸಿ.

ಮಾತ್ರೆ ಏನು ಮಾಡಿದರೂ ಆಗದವರಿಗೆ, ಬೇಗ ಏರಿಸಬೇಕಾದವರಿಗೆ ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಕೊಡುತ್ತೇವೆ. ಅಪರೂಪಕ್ಕೆ ಅಲರ್ಜಿ ಆಗುತ್ತದೆ, ಹಾಗಾಗಿ ಆಸ್ಪತ್ರೆಯಲ್ಲೇ ಆಗಬೇಕು. ಕೂತಲ್ಲೇ ಉಬ್ಬಸ, ಎದೆನೋವು, ತಲೆಸುತ್ತಿ ಬೀಳುವುದು, ಒಂದು ಗಂಟೆಗೆ ಪ್ಯಾಡ್ ತುಂಬುವುದು ಆದರೆ ಕಾಯಬೇಡಿ, ಅದೇ ದಿನ ಹೋಗಿ. ಸುಸ್ತಿಗೆ "ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅನ್ನುವವರು ವಾರಕ್ಕೆ ನಾಲ್ಕು ಜನ ಬರುತ್ತಾರೆ. ಅರ್ಧ ಲೀಟರಿನ ಆ ಬಾಟಲಿಯಲ್ಲಿ ಇರುವ ಶಕ್ತಿ ಒಂದು ಬಾಳೆಹಣ್ಣಿನಷ್ಟೇ.

ಇನ್ನು ನಾದಿನಿಯ ನೋಟ್‌ಬುಕ್ಕು. ಅವಳು ಪ್ರೀತಿಯಿಂದಲೇ ಕೊಟ್ಟಿದ್ದಾಳೆ. ಒಳ್ಳೆಯ ಯೋಚನೆಯಿಂದ ಏನೂ ಆಗುವುದಿಲ್ಲ ಅಂತ ಹೇಳುವವಳು ನಾನಲ್ಲ. ಸ್ವಿಟ್ಜರ್ಲೆಂಡಿನವರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಇಷ್ಟ. 198 ಹೆಂಗಸರು. ಯಾರಿಗೂ ರಕ್ತಹೀನತೆ ಇಲ್ಲ, ಆದರೆ ಕಬ್ಬಿಣದ ದಾಸ್ತಾನು ಕಡಿಮೆ, ಮೈ ತುಂಬಾ ಸುಸ್ತು. ಅರ್ಧ ಜನರಿಗೆ ಕಬ್ಬಿಣ ಕೊಟ್ಟರು, ಉಳಿದವರಿಗೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. 12 ವಾರ ಕಳೆದಾಗ ಕಬ್ಬಿಣ ತಿಂದವರ ಸುಸ್ತು ಸುಮಾರು 48 ಶೇಕಡ ಇಳಿದಿತ್ತು. ಖಾಲಿ ಮಾತ್ರೆ ತಿಂದವರಲ್ಲೂ 29 ಶೇಕಡ ಇಳಿದಿತ್ತು. ಸುಸ್ತು ಕಾಲ ಕಳೆದ ಹಾಗೆ ತಾನಾಗಿಯೂ ಸ್ವಲ್ಪ ಇಳಿಯುತ್ತದೆ, ಅದೂ ಆ 29ರಲ್ಲಿ ಸೇರಿದೆ. ಆದರೆ ಯಾರೋ ನನ್ನ ಸುಸ್ತನ್ನು ನಂಬಿದರು, ಕೇಳಿದರು, ಗುಣವಾಗಬಹುದು ಅನ್ನುವ ಭರವಸೆಗೂ ಒಂದು ಪಾಲಿದೆ ಅಂತ ನನಗೆ ಅನ್ನಿಸುತ್ತದೆ. ಮನಸ್ಸಿನ ಬಲ ಅಂದರೆ ನನ್ನ ಲೆಕ್ಕದಲ್ಲಿ ಅಷ್ಟು. ಸಣ್ಣದಲ್ಲ, ಆದರೆ 48 ಅಲ್ಲ. ನಿಮಗೆ ಆ ಭರವಸೆಯ ಪಾಲೂ ಸಿಗಲಿಲ್ಲ. ಮನೆಯಲ್ಲಿ ಯಾರೂ ನಿಮ್ಮ ಸುಸ್ತನ್ನು ನಂಬಿರಲಿಲ್ಲವಲ್ಲ.

ಹಾಗಾಗಿ ನೋಟ್‌ಬುಕ್ಕನ್ನು ಬಿಸಾಡಬೇಡಿ, ಕೆಲಸ ಬದಲಿಸಿ. ಐದು ಒಳ್ಳೆಯ ವಿಷಯ ಬೇಡ. ಮುಟ್ಟಿನ ತಾರೀಕು, ದಿನಕ್ಕೆ ಎಷ್ಟು ಪ್ಯಾಡ್, ಮಾತ್ರೆ ತೆಗೆದುಕೊಂಡ ದಿನಕ್ಕೊಂದು ಗುರುತು, ಇಷ್ಟು ಬರೆಯಿರಿ, ಹಗಲಲ್ಲೇ. ಇನ್ನೊಂದು ಸಾಲು: ಇವತ್ತು ಬೆಳಗ್ಗಿನ ತಿಂಡಿ ಎಷ್ಟು ಗಂಟೆಗೆ ತಿಂದೆ? ಒಂದು ವಾರ ಬರೆದು ನೋಡಿ. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಹನ್ನೊಂದಕ್ಕೆ ಮೊದಲು ತಿಂಡಿ ತಿನ್ನುವವರು ಕಡಿಮೆ. ಐದಕ್ಕೆ ಎದ್ದು, ಹಾಲು ಕರೆದು, ಎಲ್ಲರಿಗೂ ದೋಸೆ ಹೊಯ್ದು, ಕೊನೆಯ ಎರಡು ದೋಸೆ ತಣ್ಣಗಾದ ಮೇಲೆ ಚಾದ ಜೊತೆ. ಪಲ್ಯದ ಪಾತ್ರೆ ಅಷ್ಟರಲ್ಲಿ ಖಾಲಿ. ಮಾಡಿದ ಹುರುಳಿ ಸಾರು ಗಂಡಸರ ತಟ್ಟೆಗೆ ಹೋಗಿ ನಿಮಗೆ ತಿಳಿ ಮಾತ್ರ ಉಳಿದರೆ ಅದರಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು? ಬಡಿಸುವ ಮೊದಲೇ ಒಂದು ಬಟ್ಟಲು ಪಲ್ಯ ನಿಮ್ಮ ಹೆಸರಲ್ಲಿ ಬೇರೆ ತೆಗೆದಿಡಿ. ಮುಚ್ಚಳ ಹಾಕಿ. ಕೇಳಿದರೆ ಡಾಕ್ಟರು ಹೇಳಿದ್ದು ಅನ್ನಿ, ಆ ಅಪವಾದ ನನ್ನ ಮೇಲಿರಲಿ. ಬೆಳಗಿನ ಕೊಟ್ಟಿಗೆ ಕೆಲಸ ಮೂರು ತಿಂಗಳು ಗಂಡ ನೋಡಿಕೊಳ್ಳಬಹುದಾ ಅಂತಲೂ ಕೇಳಿ. ಚೀಟಿ ತೋರಿಸಿ ಕೇಳಿದರೆ ಹೆಚ್ಚಿನ ಗಂಡಸರು ಇಲ್ಲ ಅನ್ನುವುದಿಲ್ಲ. ಕೇಳುವುದೇ ಇಲ್ಲ ನಾವು, ಅದು ತೊಂದರೆ.

ನಿಮ್ಮ ಅಳು ರಕ್ತಹೀನತೆಯದ್ದೇ ಅಂತ ಪತ್ರ ನೋಡಿ ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು. ಎರಡೂ ಒಟ್ಟಿಗೆ ಇರಬಹುದು. ನಾನು ಎಲ್ಲರನ್ನೂ ಕೇಳುವ ಎರಡು ಪ್ರಶ್ನೆ ಇವೆ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿ, ಇನ್ನು ಏನೂ ಸರಿಯಾಗುವುದಿಲ್ಲ ಅನ್ನಿಸಿತಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಆಸಕ್ತಿಯೇ ಹೋಯಿತಾ? ಬರೀ ಸುಸ್ತಾದವರು "ಮದುವೆ ಮನೆಗೆ ಹೋಗಬೇಕು ಅಂತ ಆಸೆ ಇದೆ, ಮೈಯಲ್ಲಿ ಆಗುವುದಿಲ್ಲ" ಅನ್ನುತ್ತಾರೆ. ಖಿನ್ನತೆ ಇದ್ದವರಿಗೆ ಹೋಗಬೇಕು ಅಂತಲೇ ಅನ್ನಿಸುವುದಿಲ್ಲ. ಉತ್ತರ ಹೌದು ಅಂತಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದಕ್ಕೂ ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ, ಬೀಟ್‌ರೂಟಿನ ಹಾಗೆ ಸುಮ್ನೆ ಅಲ್ಲ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಆಶ್ವಾಸಂ ಅನ್ನುವ ಖಿನ್ನತೆಯ ಕ್ಲಿನಿಕ್ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಸುಳಿದರೂ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಹೋಗುವಾಗ ಹಳೆಯ ರಿಪೋರ್ಟು, ಬಿಟ್ಟ ಮಾತ್ರೆಯ ಪಟ್ಟಿ, ನೋಟ್‌ಬುಕ್ಕು ಚೀಲದಲ್ಲಿರಲಿ. ಮಗಳನ್ನೂ ಕರೆದುಕೊಂಡು ಹೋಗಿ. ಶಾಲೆಯಲ್ಲಿ ಮಲಯಾಳ ಕಲಿತಿದ್ದರೆ ಆ ಕಾಗದವನ್ನು ಅವಳೇ ನಿಮಗೆ ಓದಿ ಹೇಳುತ್ತಾಳೆ. ನಿಮ್ಮ ರಕ್ತ ತೆಗೆಯುವಾಗ ಅವಳದ್ದೂ ಒಮ್ಮೆ ನೋಡಿಸಿ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ 57 ಶೇಕಡ, ಕೇರಳದಲ್ಲೂ 36 ಶೇಕಡ ರಕ್ತಹೀನತೆ ಕಂಡಿತ್ತು, ಆ ಲೆಕ್ಕ ಶುರುವಾಗುವುದು 15 ವರ್ಷದಿಂದ. ಹತ್ತನೇ ಕ್ಲಾಸಿನ ಹುಡುಗಿಗೆ ಮುಟ್ಟು ಎಷ್ಟು ದಿನ ಇರುತ್ತದೆ ಅಂತ ನೀವು ಕೇಳಿದ್ದೀರಾ?